ಗೌರಮ್ಮಜ್ಜಿಯ ಅಂಗೈ ಮತ್ತು ಕಜ್ಜಿಯ ಹುಳು

ಮೈ ಕೆರೆದುಕೊಳ್ಳುವವರನ್ನು ನೋಡಿ ನಗಬೇಡಿ. ಹೊಸದಾಗಿ ಆರೋಗ್ಯ ಇಲಾಖೆಗೆ ಸೇರುವ ಹೆಣ್ಣುಮಕ್ಕಳಿಗೆ ನಾನು ಹೇಳುವ ಮೊದಲ ಮಾತೇ ಇದು. ಜ್ವರ ಬಂದವನಿಗೆ ಮನೆಯವರು ಗಂಜಿ ಕಾಯಿಸಿಕೊಡುತ್ತಾರೆ, ಕಾಲು ಮುರಿದವನನ್ನು ನೋಡಲು ಊರೆಲ್ಲ ಬ್ರೆಡ್ಡು ಹಿಡಿದುಕೊಂಡು ಬರುತ್ತದೆ. ಕಜ್ಜಿಯಾದವನಿಗೆ ಸಿಗುವುದು ಬೇರೆ ತಟ್ಟೆ, ಬೇರೆ ಚಾಪೆ, ಹಿಂದಿನಿಂದ ಒಂದು ಕಿಸಕ್ಕನೆ ನಗು. ಹಾಗಾಗಿ ಅವನು ಆಸ್ಪತ್ರೆಗೆ ಬರುವ ಹೊತ್ತಿಗೆ ಮನೆಮಂದಿಗೆಲ್ಲ ಹಂಚಿಯಾಗಿರುತ್ತದೆ.

ನಾನು ಎ.ಎನ್.ಎಂ. ಆಗಿ ಸೇರಿ, ಮೊದಲು ಕುಣಿಗಲ್ ಕಡೆ, ಆಮೇಲೆ ಗುಬ್ಬಿ ತಾಲ್ಲೂಕಿನಲ್ಲಿ ಚೀಲ ಹೊತ್ತು ತಿರುಗಿ, ಈಗ ನಿವೃತ್ತಳಾಗಿ ತುಮಕೂರಿನಲ್ಲಿದ್ದೇನೆ. ಹಳ್ಳಿಗಳಲ್ಲಿ ನನಗೆ ಹೆಸರೇ ಇರಲಿಲ್ಲ, ಎಲ್ಲರ ಬಾಯಲ್ಲೂ ನರ್ಸಮ್ಮ. ಹೆರಿಗೆ, ಲಸಿಕೆಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ಹುಳುಗಳ ಬಗ್ಗೆ ಬರೆಯುತ್ತೇನೆ. ಊಟದ ಹೊತ್ತಿಗೆ ಓದಬೇಡಿ, ಅಷ್ಟೆ.

ಕುಣಿಗಲ್ಲಿನ ಕಡೆ ನನಗೆ ಸಿಕ್ಕ ಮೊದಲ ಡಾಕ್ಟರು ಮಹಾ ಮುಂಗೋಪಿ. ಕಜ್ಜಿ ಎಂದು ಬಂದವರಿಗೆ ನಾವು ಕೈ ಕೂಡ ನೋಡದೆ ಗಂಧಕದ ಮುಲಾಮಿನ ಡಬ್ಬಿ ದಾಟಿಸುತ್ತಿದ್ದೆವು. ಅದನ್ನು ಕಂಡು ಒಂದು ದಿನ ನನ್ನನ್ನು ಕರೆದು, ಆ ಹುಳುವನ್ನು ಯಾವತ್ತಾದರೂ ಕಣ್ಣಲ್ಲಿ ನೋಡಿದ್ದೀಯೇನಮ್ಮ ಎಂದು ಕೇಳಿದರು. ಟ್ರೈನಿಂಗಿನಲ್ಲಿ ಬಾಯಿಪಾಠ ಮಾಡಿದ್ದೆ, ನೋಡಿರಲಿಲ್ಲ. ಇಟ್ಟಿಗೆ ಗೂಡಿನ ಕೆಲಸದವನೊಬ್ಬನನ್ನು ಕೂರಿಸಿ, ಅವನ ಬೆರಳ ಸಂದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬೂದು ಗೆರೆಯೊಂದನ್ನು ತೋರಿಸಿದರು. ಗೆರೆಯ ತುದಿಯಲ್ಲೊಂದು ಚುಕ್ಕೆ. ಆ ಚುಕ್ಕೆಯನ್ನು ಸೂಜಿಯ ಮೊನೆಯಿಂದ ಎತ್ತಿ, ಗಾಜಿನ ಮೇಲೆ ಎಣ್ಣೆಯ ಹನಿಯಲ್ಲಿಟ್ಟು, ಮೈಕ್ರೋಸ್ಕೋಪಿಗೆ ಕಣ್ಣಿಡು ಎಂದರು.

ಇಟ್ಟೆ. ಅಯ್ಯೋ ಶಿವನೇ, ಕಾಲು ಆಡಿಸುತ್ತಿತ್ತು. ಆಮೆಯ ಹಾಗೆ ಉಬ್ಬಿದ ಗುಂಡು ಮೈ, ಹಾಲಿನ ಬಣ್ಣ. ತಲೆ ಬೇರೆ ಮೈ ಬೇರೆ ಎಂಬುದಿಲ್ಲ. ಕಣ್ಣಿಲ್ಲ, ರೆಕ್ಕೆಯಿಲ್ಲ, ನೆಗೆಯಲು ಬರುವುದಿಲ್ಲ. ಮೋಟು ಕಾಲುಗಳು ಎಂಟು: ಮುಂದಿನ ನಾಲ್ಕರ ತುದಿಗೆ ಕಚ್ಚಿ ಹಿಡಿಯುವ ಪುಟ್ಟ ಬಟ್ಟಲಿನಂಥ ಪಾದ, ಹಿಂದಿನ ನಾಲ್ಕಕ್ಕೆ ಉದ್ದನೆಯ ಬಿರುಗೂದಲು. ಉಸಿರಾಟಕ್ಕೆ ಬೇರೆ ಅಂಗವಿಲ್ಲದೆ ತೊಗಲಿನಿಂದಲೇ ಉಸಿರಾಡುತ್ತದಂತೆ. ಅದು ಹೆಣ್ಣು, ಸುರಂಗ ಕೊರೆದು ಸಂಸಾರ ಹೂಡುವುದು ಹೆಣ್ಣೇ ಎಂದರು ಡಾಕ್ಟರು. ನಮ್ಮ ಚರ್ಮದ ಮೇಲ್ಪದರವನ್ನು ಕೊರೆಯುತ್ತಾ, ದಿನಕ್ಕೆ ಎರಡೋ ಮೂರೋ ಮೊಟ್ಟೆ ಇಡುತ್ತಾ ಮುಂದೆ ಹೋಗಿ, ಒಂದೆರಡು ತಿಂಗಳು ಬದುಕಿ, ಅದೇ ಸುರಂಗದಲ್ಲಿ ಸಾಯುತ್ತದೆ. ಮೊಟ್ಟೆ ಒಡೆದು ಬರುವ ಮರಿಗೆ ಕಾಲು ಆರೇ, ಇನ್ನೆರಡು ಬೆಳೆಯುತ್ತಾ ಬರುತ್ತವೆ. ಇಷ್ಟು ಹೆರುವವಳಿಗೆ ಒಂದು ದಿನವೂ ರಜ ಇಲ್ಲವಾ ಸಾರ್ ಎಂದುಬಿಟ್ಟೆ. ಆ ಮನುಷ್ಯ ನಕ್ಕದ್ದನ್ನು ಆಸ್ಪತ್ರೆಯವರು ಅವತ್ತೇ ನೋಡಿದ್ದು.

ಅವರು ಹೇಳಿಕೊಟ್ಟ ಇನ್ನೊಂದು ಮಾತು ಮುಂದೆ ನನ್ನ ಕೈ ಹಿಡಿಯಿತು. ತುರಿಕೆ ಬರುವುದು ಹುಳು ಕಚ್ಚಿದ್ದಕ್ಕಲ್ಲ. ಅದರ ಹಿಕ್ಕೆ, ಮೊಟ್ಟೆ ನಮ್ಮ ಮೈಗೆ ಒಗ್ಗದೆ ಬರುವುದು. ಮೊದಲ ಸಲ ಹುಳು ಹತ್ತಿದವರಿಗೆ ತುರಿಕೆ ಶುರುವಾಗಲು ವಾರಗಳೇ ಬೇಕು. ಅಷ್ಟು ದಿನ ಅವರು ಆರಾಮಾಗಿ ಓಡಾಡಿಕೊಂಡು ಬೇರೆಯವರಿಗೆ ಹಂಚುತ್ತಿರುತ್ತಾರೆ. ಕೆರೆದುಕೊಳ್ಳುತ್ತಿಲ್ಲ ಎಂದ ಮಾತ್ರಕ್ಕೆ ಹುಳು ಇಲ್ಲ ಎಂದಲ್ಲ. ಔಷಧಿ ಹಚ್ಚಿ ಹುಳು ಸತ್ತ ಮೇಲೂ ಕೆಲವು ದಿನ ತುರಿಕೆ ಉಳಿಯುತ್ತದೆ, ಔಷಧಿ ಸರಿಯಿಲ್ಲ ಎಂದು ಜನ ನಮ್ಮನ್ನು ಬೈಯುವುದು ಆಗಲೇ.

ಈ ಹುಳುವಿನ ದೊಡ್ಡ ಅಣ್ಣ, ದನಕರುಗಳ ಮೈಗೆ ಕಚ್ಚಿಕೊಳ್ಳುವ ಉಣ್ಣೆ. ಜೇಡ, ಚೇಳುಗಳೂ ಇದೇ ವಂಶವಂತೆ. ಉಣ್ಣೆಗೂ ಎಂಟು ಕಾಲು. ಅದು ಹುಲ್ಲಿನ ತುದಿಗೆ ಹತ್ತಿ, ಮುಂಗಾಲು ಚಾಚಿ ಕೂತಿರುತ್ತದೆ. ಅದರ ಮೂಗಿರುವುದೇ ಆ ಮುಂಗಾಲಲ್ಲಿ. ಮೇಕೆ ಮೇಯಿಸುವ ಹೆಂಗಸೊಬ್ಬಳ ಕಿವಿಯ ಹಿಂದೆ ಒಂದು ಕಚ್ಚಿಕೊಂಡಿತ್ತು. ಗಂಡ ಮೊದಲು ಸೀಮೆಎಣ್ಣೆ ಬಿಟ್ಟಿದ್ದ, ಆಮೇಲೆ ಬೀಡಿ ತಾಗಿಸಿದ್ದ, ಕೊನೆಗೆ ತಿರುಚಿ ಕಿತ್ತಿದ್ದ. ಹೊಟ್ಟೆ ಬಂತು, ಬಾಯಿ ಒಳಗೇ ಉಳಿದು ಕೀವಾಯಿತು. ಉಣ್ಣೆಯ ಬಾಯಿಗೆ ಹಿಂದಕ್ಕೆ ಬಾಗಿದ ಹಲ್ಲುಗಳಿವೆ, ಅಂಟು ಬೇರೆ ಸುರಿಸಿಕೊಂಡು ಕೂರುತ್ತದೆ. ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ, ನಿಧಾನವಾಗಿ ಎಳೆಯಬೇಕು. ಇದನ್ನು ನಾನು ಆ ಗಂಡನಿಗೆ ಹೇಳಿಕೊಟ್ಟ ಮೇಲೆ ಅವನೇ ಊರಿನ ಉಣ್ಣೆ ಡಾಕ್ಟರಾದ.

ಗುಬ್ಬಿ ಕಡೆಗೆ ಬಂದಾಗ ತೆಂಗಿಗೆ ನುಸಿ ಬಿದ್ದ ಕಾಲ. ಎಳಗಾಯಿಯ ತೊಟ್ಟಿನ ಕೆಳಗೆ ಕೂತು ರಸ ಹೀರುವ ಆ ನುಸಿಯೂ ಇದೇ ಬಳಗದ್ದೇ. ಆದರೆ ಎಳೆಹುಳುವಿನಂಥ ಮೈ, ಕಾಲು ನಾಲ್ಕೇ. ತೋಟದವರಲ್ಲಿ ಯಾರಿಗೆ ತುರಿಕೆ ಬಂದರೂ ತೆಂಗಿನ ನುಸಿಯೇ ಮೈಗೆ ಹತ್ತಿದೆ ಎಂದು ಹಬ್ಬಿಬಿಟ್ಟಿತು. ಒಬ್ಬರಂತೂ ಬಂದ ನೆಂಟರಿಗೂ ಎಳನೀರು ಕೊಡುವುದು ನಿಲ್ಲಿಸಿ, ಮರಕ್ಕೆ ಹಾಕುವ ಬೇವಿನೆಣ್ಣೆ ಮಿಶ್ರಣವನ್ನೇ ಮೈಗೂ ಬಳಿದುಕೊಂಡಿದ್ದರು. ಕಾಯಿಯ ನುಸಿ ಕಾಯಿಗೆ, ಮನುಷ್ಯರ ಹುಳು ಮನುಷ್ಯರಿಗೆ ಎಂದು ಹೇಳಿ ಹೇಳಿ ನನ್ನ ಗಂಟಲು ಹೋಯಿತು. ಆ ಯಜಮಾನರು ಕೊನೆಗೂ ನಂಬಿದ್ದು ಆಸ್ಪತ್ರೆಯ ಮುಲಾಮಿನಿಂದ ತುರಿಕೆ ಹೋದ ಮೇಲೆ.

ಔಷಧಿಗಳೂ ಬದಲಾದವು. ನಾನು ಸೇರಿದಾಗ ಗಂಧಕದ ಮುಲಾಮು, ಆಮೇಲೆ ಉರಿಯುವ ಬಿಳಿ ಔಷಧಿ, ಆಮೇಲೆ ಟ್ಯೂಬಿನ ಕ್ರೀಮು, ಈಗ ಮಾತ್ರೆಯೂ ಇದೆ. ಬದಲಾಗದ ನಿಯಮ ಒಂದೇ: ಮನೆಮಂದಿಯೆಲ್ಲ ಒಂದೇ ದಿನ ಹಚ್ಚಬೇಕು. ಹಿರೇಹಳ್ಳಿಯ ಫ್ಯಾಕ್ಟರಿ ಹುಡುಗರ ರೂಮುಗಳಿಗೆ ಒಮ್ಮೆ ಕ್ಯಾಂಪಿಗೆ ಹೋಗಿದ್ದೆ. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗುತ್ತಿದ್ದ. ಅಲ್ಲಿ ಒಬ್ಬನಿಗೆ ಮಾತ್ರ ಔಷಧಿ ಕೊಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಭಾನುವಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಚ್ಚಿಸಿದೆವು.

ಇಷ್ಟೆಲ್ಲ ಗೊತ್ತಿದ್ದೂ ನನಗೆ ತಲೆಬಿಸಿ ತಂದದ್ದು ಗೌರಮ್ಮಜ್ಜಿಯ ಪ್ರಸಂಗ. ನಿವೃತ್ತಿಗೆ ಕೆಲವು ವರ್ಷ ಮುಂಚೆ ನನಗೆ ಸಿ.ಎಸ್. ಪುರದ ಕಡೆಯ ಒಂದು ಹಳ್ಳಿಯ ಉಪಕೇಂದ್ರ ಕೊಟ್ಟಿದ್ದರು. ಗೌರಮ್ಮಜ್ಜಿ ಆ ಊರಿನಲ್ಲಿ ಕೂಸುಗಳಿಗೆ ನೀರು ಹಾಕುವವಳು. ಬೆಳಗಾದರೆ ಬಾಣಂತಿಯರಿರುವ ಮನೆಗಳಿಗೆ ಹೋಗಿ, ಬಚ್ಚಲಲ್ಲಿ ಮಣೆ ಹಾಕಿ ಕೂತು, ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು. ಕೈ ಬಿದ್ದರೆ ಸಾಕು, ಚೀರುವ ಕೂಸೂ ಕಣ್ಣು ಮುಚ್ಚುತ್ತಿತ್ತು. ಅವಳಿಗೆ ಮಕ್ಕಳಾಗಿರಲಿಲ್ಲ. ತಮ್ಮನ ಮನೆಯಲ್ಲಿದ್ದಳು. ಮಕ್ಕಳಿಲ್ಲದ ಹೆಂಗಸನ್ನು ಊರು ಹೇಗೆ ನೋಡುತ್ತದೆ ಎಂದು ನಿಮಗೆ ಗೊತ್ತು. ಆದರೆ ಅಲ್ಲಿ ನಾಮಕರಣವಿರಲಿ ಮದುವೆಯಿರಲಿ, ಗೌರಮ್ಮಜ್ಜಿಗೆ ಮುಂದಿನ ಸಾಲಿನಲ್ಲಿ ಜಾಗ. ಆ ಜಾಗ ಕೊಡಿಸಿದ್ದು ಅವಳ ಎರಡು ಕೈ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಬೇರೆ ಬೇರೆ ಬೀದಿಯ ಮೂರು ಮನೆಗಳಲ್ಲಿ ಕೂಸುಗಳಿಗೆ ಮೈಮೇಲೆ ಗುಳ್ಳೆಯೆದ್ದಿತು. ರಾತ್ರಿಯೆಲ್ಲ ಅಳು. ಊರಿನವರ ತೀರ್ಮಾನ ಆಗಲೇ ಆಗಿಹೋಗಿತ್ತು: ನಂಜು. ಬಾಣಂತಿ ನಂಜಿನ ಪದಾರ್ಥ ತಿಂದಿದ್ದಾಳೆ, ಹಾಲಿನ ಮೂಲಕ ಕೂಸಿಗೆ ಬಂದಿದೆ. ಮೂವರು ತಾಯಂದಿರಿಗೂ ಅನ್ನ, ಮೆಣಸಿನ ಸಾರು ಬಿಟ್ಟು ಬೇರೆಲ್ಲ ಬಂದ್. ಅವರಲ್ಲಿ ಲತಾ ಎಂಬ ಹುಡುಗಿಯ ಪಾಡು ನೋಡುವ ಹಾಗಿರಲಿಲ್ಲ. ತೌರಿನಲ್ಲಿ ಬದನೆಕಾಯಿ ಪಲ್ಯ ತಿಂದು ಬಂದಳೆಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹಾಲುಣಿಸುವ ಹೆಣ್ಣು ಅರೆಹೊಟ್ಟೆಯಲ್ಲಿ ಕೂತು ಕಣ್ಣೀರು ಹಾಕುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

ಕೂಸಿನ ಅಂಗಾಲು ತಿರುಗಿಸಿ ನೋಡಿದೆ. ಅಂಗಾಲು, ಅಂಗೈ, ನೆತ್ತಿಯ ಮೇಲೂ ಗುಳ್ಳೆ. ದೊಡ್ಡವರಲ್ಲಿ ಕಜ್ಜಿಯ ಹುಳು ಸಾಮಾನ್ಯವಾಗಿ ಮುಖ, ತಲೆಗೆ ಹೋಗುವುದಿಲ್ಲ; ಎಳೆಗೂಸಿನ ಚರ್ಮ ಮೆತ್ತಗಿರುವುದರಿಂದ ಅದಕ್ಕೆ ಎಲ್ಲ ಕಡೆಯೂ ದಾರಿ. ನಮ್ಮ ಡಾಕ್ಟರ್ ಮೇಡಂಗೆ ಮೊಬೈಲಿನಲ್ಲಿ ಫೋಟೋ ಕಳಿಸಿದೆ. ವಯಸ್ಸಿನಲ್ಲಿ ನನ್ನ ಮಗಳಷ್ಟೇ, ಆದರೆ ಅಸಡ್ಡೆ ಮಾಡುವವರಲ್ಲ. ಲಸಿಕೆಯ ದಿನ ತಾವೇ ಬಂದು, ಮೆಲ್ಲಗೆ ಕೆರೆದು ತೆಗೆದುಕೊಂಡು ಹೋಗಿ ನೋಡಿದರು. ಹುಳು ಇತ್ತು, ಮೊಟ್ಟೆಯೂ ಇದ್ದವು.

ಬಂದದ್ದು ಎಲ್ಲಿಂದ? ಮೂರು ಮನೆಗೂ ನೆಂಟಸ್ತಿಕೆಯಿಲ್ಲ, ತಂದೆ ತಾಯಿಯರಿಗೆ ತುರಿಕೆಯಿಲ್ಲ. ಮೂರು ಮನೆಯ ಕೂಸುಗಳನ್ನೂ ಮುಟ್ಟಿದವರು ಇಬ್ಬರೇ, ಒಬ್ಬಳು ನಾನು. ಮೊದಲು ನನ್ನ ಕೈಯನ್ನೇ ಮೇಡಂ ಮುಂದೆ ಹಿಡಿದೆ. ಏನೂ ಇರಲಿಲ್ಲ. ಉಳಿದವಳು ಗೌರಮ್ಮಜ್ಜಿ.

ಅವಳ ಕೈ ಒರಟು ಎಂದು ನಾನು ದಿನಾ ನೋಡುತ್ತಿದ್ದೆ. ಬಿಸಿನೀರು, ಸೀಗೆಪುಡಿಯಲ್ಲಿ ಬೆಂದ ಕೈ, ಹಾಗೇ ಇರುತ್ತದೆ ಎಂದು ಅವಳೂ ಅಂದುಕೊಂಡಿದ್ದಳು, ನಾವೂ ಅಂದುಕೊಂಡಿದ್ದೆವು. ಬೆರಳ ಸಂದಿಯಲ್ಲಿ, ಉಗುರ ಕೆಳಗೆ ಬೂದುಹಳದಿ ಪೊರೆ ದಪ್ಪಗೆ ಕಟ್ಟಿತ್ತು. ತುರಿಕೆ ಇಲ್ಲವೇ ಇಲ್ಲ ಎಂದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ, ನಮಗೆ ಮೈಕ್ರೋಸ್ಕೋಪೇ ಬೇಕಾಯಿತು. ಪೊರೆಯ ಒಂದು ಚೂರಿನಲ್ಲಿ ಹುಳುಗಳು ಕಿಕ್ಕಿರಿದಿದ್ದವು. ಸಾಮಾನ್ಯ ಕಜ್ಜಿಯಲ್ಲಿ ಮೈಮೇಲೆಲ್ಲ ಹುಡುಕಿದರೂ ಹತ್ತು ಹನ್ನೆರಡು ಹುಳು ಸಿಗಬಹುದು, ವಯಸ್ಸಾಗಿ ಮೈಯ ಶಕ್ತಿ ಕುಂದಿದವರಲ್ಲಿ ತುರಿಕೆಯೂ ಹೆಚ್ಚಿಲ್ಲದೆ ಸಾವಿರಗಟ್ಟಲೆ ಬೆಳೆಯುತ್ತವೆ ಎಂದು ಮೇಡಂ ಹೇಳಿದರು. ಪಾಪ, ಅವಳು ಕೆರೆದುಕೊಂಡಿದ್ದರೆ ಯಾವತ್ತೋ ಗೊತ್ತಾಗುತ್ತಿತ್ತು.

ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳ ಮನೆಯ ಹಿತ್ತಲಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೇಳಿದೆ. ಅಜ್ಜಿ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ಅಂಗಾರೆ ಆ ಕೂಸ್ಗಳು ರಾತ್ರಿಯೆಲ್ಲ ಅತ್ತಿದ್ದು ನನ್ ಕೈಯಿಂದ್ಲೇನವ್ವ?” ಎಂದು ಕೇಳಿದಳು.

ಹೌದು ಎಂದೆ. ನಿನ್ನ ತಪ್ಪಲ್ಲ, ವಾಸಿಯಾಗುವ ಕಾಯಿಲೆ ಎಂದೂ ಹೇಳಿದೆ. ಎರಡನೆಯ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ. ಇನ್ನು ನನ್ನ ಕೈಗೆ ಯಾರು ಕೂಸು ಕೊಡುತ್ತಾರೆ ಎಂದು ಅದನ್ನೇ ಎರಡು ಮೂರು ಸಲ ಅಂದಳು.

ರೋಗಿಯ ವಿಷಯ ಹೊರಗೆ ಹೋಗಕೂಡದು ಎಂದು ಮೇಡಂ ಖಡಾಖಂಡಿತವಾಗಿ ಹೇಳಿದರು. ಅಜ್ಜಿಗೆ ಮಾತ್ರೆ, ಕ್ರೀಮು, ಪೊರೆ ಮೆತ್ತಗೆ ಮಾಡುವ ಮುಲಾಮು. ಮೂರು ಮನೆಯವರಿಗೂ, ಅಜ್ಜಿಯ ಮನೆಯವರಿಗೂ ಒಂದೇ ಸಂಜೆ ಔಷಧಿ. ಎಳೆಗೂಸುಗಳಿಗೆ ಮಾತ್ರ ಮೇಡಂ ಬೇರೆ ಮುಲಾಮು ಬರೆದುಕೊಟ್ಟರು. ಕೂಸಿಗೆ ದೊಡ್ಡವರ ಔಷಧಿಯನ್ನು ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಬಟ್ಟೆಬರೆ ಬಿಸಿನೀರಿಗೆ. ಅಜ್ಜಿಗೆ ಕೈನೋವು, ಸ್ವಲ್ಪ ದಿನ ನೀರು ಹಾಕಲು ಬರುವುದಿಲ್ಲ ಎಂದು ಊರಿಗೆ ಹೇಳಿದ್ದಾಯಿತು.

ಕೂಸುಗಳು ಚೇತರಿಸಿಕೊಂಡವು, ನಿದ್ದೆ ಮಾಡಿದವು. ಅಜ್ಜಿಯ ಮೈಯೂ ತಿಳಿಯಾಯಿತು, ಕೈ ಮಾತ್ರ ಆಗಲಿಲ್ಲ. ಮೇಡಂ ತಲೆ ಕೆಡಿಸಿಕೊಂಡರು. ಔಷಧಿ ಹಚ್ಚುತ್ತಿದ್ದೀಯಾ ಎಂದರೆ ನೀವು ಹೇಳಿದಂಗೇ ಎನ್ನುತ್ತಾಳೆ, ಸುಳ್ಳು ಹೇಳುವ ಹೆಂಗಸಲ್ಲ. ಮತ್ತೆ ಹಚ್ಚುವ ದಿನ ದೀಪ ಹಚ್ಚುವ ಹೊತ್ತಿಗೆ ಅವಳ ಮನೆಗೇ ಹೋಗಿ ಕೂತೆ. ಅಜ್ಜಿ ಕತ್ತಿನಿಂದ ಕಾಲಿನವರೆಗೆ ಕ್ರೀಮು ಹಚ್ಚಿಸಿಕೊಂಡಳು, ಬೆರಳ ಸಂದಿಗೂ ಬಿಡದೆ ಹಚ್ಚಿಕೊಂಡಳು. ಅದಾದ ಮೇಲೆ ಎದ್ದು ಹೋಗಿ, ಮೊಣಕೈವರೆಗೆ ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದು, ವಿಭೂತಿ ಇಟ್ಟು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಳು. ನಾನು ಹಣೆ ಚಚ್ಚಿಕೊಂಡೆ.

ಪೂಜೆ ಮುಗಿದ ಮೇಲೆ ಕೇಳಿದ್ದಕ್ಕೆ ಅವಳಿಗೇ ಆಶ್ಚರ್ಯ. “ಆ ವಾಸ್ನೆ ಕೈಯಾಗೆ ಶಿವನ್ನ ಹೆಂಗವ್ವ ಹಿಡೀಲಿ? ನೀನು ರಾತ್ರಿ ಹಚ್ಚು ಅಂದೆ, ಹಚ್ದೆ. ತೊಳೀಬ್ಯಾಡ ಅಂತ ಯಾರಂದ್ರು?”

ನಿಜವೇ. ರಾತ್ರಿ ಹಚ್ಚಿ ಎಂದು ನಾವೆಲ್ಲರೂ ಹೇಳುತ್ತೇವೆ. ಅವರ ರಾತ್ರಿ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಅದರಲ್ಲಿ ಏನೇನು ಕೆಲಸವಿದೆ ಎಂದು ಯಾರು ಕೇಳುತ್ತೇವೆ? ಪಾತ್ರೆ ತೊಳೆಯುವವಳು, ಹಿಟ್ಟು ನಾದುವವಳು, ಪೂಜೆಗೆ ಕೂರುವವಳು ಎಲ್ಲರೂ ಕೈಯ ಔಷಧಿ ತೊಳೆದುಕೊಳ್ಳುತ್ತಾರೆ, ಹುಳು ಇರುವುದೇ ಕೈಯಲ್ಲಿ. ಮಕ್ಕಳೇ, ಇದನ್ನು ಮರೆಯಬೇಡಿ. ಅಜ್ಜಿಗೆ ಹೇಳಿದ್ದು ಇಷ್ಟೇ: ಮೊದಲು ಶಿವ, ಆಮೇಲೆ ಔಷಧಿ, ಆಮೇಲೆ ನಿದ್ದೆ, ಬೆಳಗ್ಗೆ ತೊಳೆದುಕೊಂಡು ಮತ್ತೆ ಶಿವ. ಇಷ್ಟೇನಾ ಎಂದಳು. ಲಿಂಗ ಸುತ್ತಿದ ಬಟ್ಟೆಯನ್ನು ಬೇರೆಯವರು ಮುಟ್ಟಬಾರದೆಂದು ತಾನೇ ಬಿಸಿನೀರಿನಲ್ಲಿ ಒಗೆದು ಒಣಗಿಸಿಕೊಂಡಳು. ಉಗುರನ್ನು ನಾನೇ ಕತ್ತರಿಸಿದೆ. ಈ ಸಲ ಪೊರೆ ಉದುರಿ, ಕೆಳಗಿನಿಂದ ಹೊಸ ಚರ್ಮ ಬಂತು. ಮೇಡಂ ಎರಡು ಸಲ ಪರೀಕ್ಷೆ ಮಾಡಿ, ಇನ್ನು ಕೂಸು ಎತ್ತಿಕೊಳ್ಳಬಹುದು ಎಂದರು.

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡೆ. ಆದರೆ ಲತಾಳ ಅತ್ತೆಯ ಬಾಯಿ ನಿಂತಿರಲಿಲ್ಲ. ಕೂಸು ವಾಸಿಯಾದದ್ದು ಸೊಸೆಯ ಬಾಯಿ ಕಟ್ಟಿದ್ದರಿಂದಲೇ ಎಂದು ಅವಳ ವಾದ. ಬಾವಿಕಟ್ಟೆಯ ಹತ್ತಿರ ಅದನ್ನು ಹೇಳುವಾಗ ಗೌರಮ್ಮಜ್ಜಿ ಅಲ್ಲೇ ಇದ್ದಳಂತೆ. ಯಾರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಸೀದಾ ಲತಾಳ ಮನೆಗೆ ಹೋಗಿ ನಡುಮನೆಯಲ್ಲಿ ನಿಂತಳು.

“ನಿನ್ ಸೊಸೆ ಬದ್ನೇಕಾಯಿ ತಿಂದ್ಲೋ ಬುಟ್ಲೋ ನಂಗೊತ್ತಿಲ್ಲ. ಕೂಸಿಗೆ ಬಂದಿದ್ದು ನನ್ ಕೈಯಿಂದ. ಆ ಹುಡ್ಗೀನ ಇನ್ ಅನ್ಬ್ಯಾಡ.”

ಇನ್ನೆರಡು ಮನೆಗೂ ಹೋಗಿ ಅದನ್ನೇ ಹೇಳಿದಳು. ಸಂಜೆ ಲತಾಳೇ ಬಂದು ನನಗೆ ಇದನ್ನು ಹೇಳುತ್ತಾ ಅತ್ತಳು. ಅಜ್ಜಿಗೆ ಬುದ್ಧಿಗಿದ್ಧಿ ಇದೆಯಾ ಎಂದು ನಾನು ರೇಗಿದೆ. ಆಮೇಲೆ ಒಬ್ಬಳೇ ಕೂತು ಯೋಚಿಸಿದರೆ, ನಾವು ಗುಟ್ಟು ಕಾಪಾಡಿದ್ದು ಅಜ್ಜಿಯ ಮಾನಕ್ಕಾಗಿ. ಅವಳು ಆ ಮಾನವನ್ನೇ ಆ ಹುಡುಗಿಗೆ ಕೊಟ್ಟು ಬಂದಿದ್ದಳು.

ಆಗಬಾರದ್ದೇ ಆಯಿತು. ಅಜ್ಜಿಗೆ ಕರೆ ನಿಂತಿತು. ಊರಲ್ಲಿ ಹೆರಿಗೆಗಳಾದವು, ಪಕ್ಕದೂರಿನಿಂದ ಯಾರನ್ನೋ ಕರೆಸಿದರು, ಇಲ್ಲವೇ ಮನೆಯವರೇ ಹಾಕಿಕೊಂಡರು. ಬೈದವರು ಯಾರೂ ಇಲ್ಲ, ಎಲ್ಲರೂ ಮಾತಾಡಿಸುತ್ತಿದ್ದರು, ಕೂಸು ಮಾತ್ರ ಕೊಡುತ್ತಿರಲಿಲ್ಲ. ನಾನು ಮನೆಮನೆಗೆ ಹೋಗಿ, ಹುಳು ಸತ್ತಿದೆ, ಮೈ ಬಿಟ್ಟರೆ ಅದು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ ಎಂದೆಲ್ಲ ಹೇಳಿದೆ. ಹೂಂ ನರ್ಸಮ್ಮ ಎಂದು ತಲೆಯಾಡಿಸಿದರು. ಅಜ್ಜಿ ನಾಮಕರಣಗಳಿಗೆ ಹೋಗುವುದನ್ನೇ ಬಿಟ್ಟಳು.

ಅದೇ ಹೊತ್ತಿಗೆ ನನ್ನ ಮಗಳು ಹೆರಿಗೆಯಾಗಿ ಕೂಸಿನೊಂದಿಗೆ ನಮ್ಮ ಕ್ವಾರ್ಟರ್ಸಿಗೆ ಬಂದಳು. ಗೌರಮ್ಮಜ್ಜಿಯನ್ನು ಕರೆಸುತ್ತೇನೆ ಎಂದೆ. ನೋಡಲು ಬಂದಿದ್ದ ಬೀಗಿತ್ತಿ ಹೌಹಾರಿ, ಎಲ್ಲ ಗೊತ್ತಿದ್ದೂ ಹೀಗೆ ಮಾಡುತ್ತೀರಾ ಎಂದರು. ಗೊತ್ತಿರುವುದರಿಂದಲೇ ಮಾಡುತ್ತಿದ್ದೇನೆ ಎಂದೆ. ಮಗಳು ನನ್ನ ಮುಖವನ್ನೇ ನೋಡಿದಳು. “ನಿಂಗೆ ಗ್ಯಾರಂಟಿನಾ ಅಮ್ಮ?” ಎಂದಳು. ಗ್ಯಾರಂಟಿ ಕಣೇ ಎಂದೆ. ಹಾಗಾದರೆ ಕರೆಸು ಎಂದಳು.

ಅಜ್ಜಿ ಬರಲು ಒಪ್ಪಲಿಲ್ಲ. ನಿನಗೂ ಕೆಟ್ಟ ಹೆಸರು ಬರುತ್ತದೆ, ಬುಡು ಎಂದಳು. ನಾನೂ ಬಿಡುವವಳಲ್ಲ, ಎಳೆದುಕೊಂಡೇ ಬಂದೆ. ನಮ್ಮ ಬಚ್ಚಲು ಕಿಷ್ಕಿಂಧೆ, ಹಾಗಾಗಿ ಹಿತ್ತಲಿನ ಒಲೆಯ ಪಕ್ಕದಲ್ಲೇ ಮಣೆ ಹಾಕಿದೆ. ಬೇಲಿಯಾಚೆ ನೀರು ಹಿಡಿಯಲು ಬಂದ ಹೆಂಗಸರು ಕೊಡ ತುಂಬಿದರೂ ನಿಂತೇ ಇದ್ದರು, ಅವರಲ್ಲಿ ಲತಾಳೂ ಇದ್ದಳು. ಅಜ್ಜಿ ಮಣೆಯ ಮೇಲೆ ಕೂತಳು, ಕಾಲು ನೀಡಲಿಲ್ಲ. ಎರಡೂ ಕೈ ನನ್ನ ಮುಂದೆ ಚಾಚಿದಳು.

“ಮದ್ಲು ನೋಡು. ಎಲ್ರೂ ಮುಂದೆ ನೋಡು.”

ಬೇಡ ಬಿಡಜ್ಜಿ ಎನ್ನಬಹುದಿತ್ತು, ಅನ್ನಲಿಲ್ಲ. ಕೆಲಸ ಕೆಲಸವೇ. ಬಿಸಿಲಿಗೆ ಹಿಡಿದು ಬೆರಳ ಸಂದಿ, ಉಗುರು, ಮಣಿಕಟ್ಟು, ಅಂಗೈ ಎಲ್ಲವನ್ನೂ ತಿರುಗಿಸಿ ನೋಡಿದೆ. ನೋಡಿದೆ ಅಜ್ಜಿ, ಚೆನ್ನಾಗಿದೆ ಎಂದು ಬೇಲಿಯಾಚೆಗೂ ಕೇಳುವ ಹಾಗೆ ಹೇಳಿದೆ. ಆಗ ಕಾಲು ನೀಡಿದಳು. ಮೊಮ್ಮಗಳನ್ನು ಆ ಕಾಲ ಮೇಲೆ ಮಲಗಿಸಿದೆ. ಅಜ್ಜಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು ಕೂಸಿನ ಬೆನ್ನಿಗೆ ತಿಕ್ಕಿದಳು.

ನೀರು ಹಾಕಿ ಮುಗಿಸಿ, ಕೂಸನ್ನು ಒರೆಸಿ ನನ್ನ ಮಗಳ ಕೈಗೆ ಕೊಟ್ಟು, ಅಜ್ಜಿ ಏಳಲೆಂದು ನೆಲಕ್ಕೆ ಕೈಯೂರಿದ್ದಳು. ಅಷ್ಟರಲ್ಲಿ ಲತಾ ಮನೆಗೆ ಹೋಗಿ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಎಣ್ಣೆಯ ಬಟ್ಟಲು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಓಡಿ ಬಂದಿದ್ದಳೇನೋ, ಏದುಸಿರು.

“ಅಜ್ಜಿ, ಹಂಡೇಲಿ ಇನ್ನೂ ಬಿಸ್ನೀರು ಐತಾ?”

ಅಜ್ಜಿ ಏಳಲಿಲ್ಲ. ಸೀರೆಯನ್ನು ಮೊಣಕಾಲಿಗೆ ಸರಿಸಿಕೊಂಡು, ಕಾಲು ಮತ್ತೆ ನೀಡಿ ಕೂತಳು.